ತಿರುಪುಳಿಯ ಇನ್ನೊಂದು ತುದಿ

ಹನ್ನೊಂದು ಪೆಟ್ಟಿಗೆಗಳಲ್ಲಿ ಹತ್ತು ಬಂದಿದ್ದವು.
ಹನ್ನೊಂದನೆಯದು ತಾಷ್ಕೆಂಟಿನ ಕಸ್ಟಮ್ಸಿನಲ್ಲಿ
ಯಾರದೋ ಮೊಹರಿಗೆ ಕಾಯುತ್ತಿತ್ತು.
ಅಪ್ಪ ಸಿಟ್ಟಾಗಲಿಲ್ಲ. ರಸಮಟ್ಟ ತೆಗೆದು
ಮರ್ಗಿಲಾನಿನ ಆ ಹಳೇ ಷೆಡ್ಡಿನ ನೆಲಕ್ಕಿಟ್ಟು ಮಂಡಿಯೂರಿದ.
ಗುಳ್ಳೆ ಪಡುವಣಕ್ಕೆ ಜಾರಿತು.
"ಆರು ಮಿಲಿ," ಅಂದ.
ಆ ದಿನಕ್ಕೆ ಅಷ್ಟೇ ಮಾತು.

ಒಕಾಯಾದಿಂದ ನಾನು ಜೊತೆಗೆ ಬಂದದ್ದು ಕೆಲಸ ಕಲಿಯಲು,
ಹಾಗೆಂದು ಕಂಪನಿಯ ಕಾಗದದಲ್ಲಿದೆ:
ಸಹಾಯಕಿ, ಮಿಯಾಸಾಕಾ ಚಿಜುರು, ವಯಸ್ಸು ಇಪ್ಪತ್ತೊಂದು.
ಕಾಗದದಲ್ಲಿ ಇಲ್ಲದ್ದನ್ನು ಅಮ್ಮ
ರೈಲು ನಿಲ್ದಾಣದಲ್ಲಿ ನನ್ನ ಕಾಲರು ಸರಿಮಾಡುತ್ತ ಹೇಳಿದ್ದಳು:
"ಕೆಟಲಿನ ಸಿಳ್ಳೆ ಕೇಳಿಸಿ ನಿಮ್ಮಪ್ಪನಿಗೆ ಎರಡು ವರ್ಷವಾಯಿತು."

ನಲವತ್ತು ವರ್ಷ ನೂಲು ಬಿಚ್ಚುವ ಯಂತ್ರಗಳ ನಡುವೆ ಇದ್ದವನು.
ಸಣ್ಣ ದನಿಗಳು ಒಂದೊಂದಾಗಿ ಹೇಳದೆ ಕೇಳದೆ ಬಿಟ್ಟುಹೋದವು.
ಮೊದಲು ಜೀರುಂಡೆ. ಆಮೇಲೆ ಕೆಟಲು.
ಆಮೇಲೆ ಪಕ್ಕದ ಕೋಣೆಯಿಂದ ಕೂಗುವ ನಾನು.
ಉಳಿದದ್ದು ಗುಡುಗು, ಲಾರಿ, ತನ್ನದೇ ಕೆಮ್ಮು.

ಬೇರಿಂಗಿನ ನಾಡಿ ನೋಡುವುದು ಹೀಗೆ:
ತಿರುಪುಳಿಯ ಮೊನೆ ಅದರ ಮೈಗೆ, ಹಿಡಿ ನಮ್ಮ ಕಿವಿಗೆ.
ಎಲ್ಲರೂ ನೋಡುತ್ತಿರುವಾಗ ಅಪ್ಪ ಕಣ್ಣು ಮುಚ್ಚಿ ಆಲಿಸುತ್ತಿದ್ದ,
ತಲೆಯಾಡಿಸಿ, "ನೀನೂ ಕಲಿ" ಎಂದು ನನಗೆ ಕೊಡುತ್ತಿದ್ದ.
ಸರಿಯಿದ್ದರೆ ನಾನು ಕೈಗವಸು ಕಳಚುವುದು,
ಇಲ್ಲದಿದ್ದರೆ ಇಲ್ಲ.
ಇದನ್ನು ನಾವು ಮಾತಾಡಿಕೊಂಡೇ ಇರಲಿಲ್ಲ.

ಮಧ್ಯಾಹ್ನ ಸೊಬಿರ್ಜಾನ್ ಚಹಾ ಬಗ್ಗಿಸಿ
ಮತ್ತೆ ಹೂಜಿಗೇ ಸುರಿದು, ಹಾಗೆ ಮೂರು ಸಲ,
ಕೊನೆಗೆ ಅರ್ಧ ಬಟ್ಟಲು ಕೊಡುವನು.
ಅರ್ಧವೆಂದರೆ ಮರ್ಯಾದೆಯಂತೆ, ಇನ್ನೂ ಕೂತಿರಿ ಎಂದಂತೆ.
ಅಪ್ಪ ರೊಟ್ಟಿಯನ್ನು ಬೋರಲಾಗಿ ಇಟ್ಟ.
ಹುಡುಗನೊಬ್ಬ ಸದ್ದಿಲ್ಲದೆ ಮಗುಚಿ ಸರಿಯಿಟ್ಟ.
ಬೆಂದ ಹುಳುವಿನ ವಾಸನೆ ಮಾತ್ರ
ಎರಡೂ ಊರಲ್ಲಿ ಒಂದೇ.
ಅದನ್ನು ಉಸಿರೆಳೆದಾಗಲೇ ಅಪ್ಪನ ಭುಜ ಸಡಿಲಾದದ್ದು.

ನಾಲ್ಕನೆಯ ಯಂತ್ರ. ನಿರ್ದೇಶಕರು ಬಂದಿದ್ದಾರೆ,
ತಟ್ಟೆಯಲ್ಲಿ ಮಿಠಾಯಿ ಕಾಯುತ್ತಿದೆ.
ಅಪ್ಪ ಆಲಿಸಿದ, ತಲೆಯಾಡಿಸಿದ, ಚಪ್ಪಾಳೆಯೂ ಆಯಿತು.
ನಾನು ಆಲಿಸಿದೆ.
ಆಳದಲ್ಲೆಲ್ಲೋ, ಅನ್ನದ ಕಲ್ಲು ಹಲ್ಲಿಗೆ ಸಿಕ್ಕಂತೆ,
ಒಂದು ಸುತ್ತಿಗೆ ಒಂದೇ ಸಲ.

ಅಪ್ಪ ನನ್ನ ಕೈಗವಸು ನೋಡಿದ.
ತುಂಬಾ ಹೊತ್ತು ನೋಡಿದ.
"ಬಿಚ್ಚಬೇಕು," ಅಂದ.

ಈಗತಾನೇ ತಲೆಯಾಡಿಸಿದಿರಲ್ಲ, ನಿರ್ದೇಶಕರು ಕೇಳಿದರು.
"ನನಗೆ ಕೇಳಿಸುವುದಿಲ್ಲ. ಇವಳಿಗೆ ಕೇಳಿಸುತ್ತದೆ."
ಫರ್ಗಾನಾದ ದುಭಾಷಿ ಹುಡುಗ ನನ್ನ ಮುಖ ನೋಡಿದ,
ಹೇಳಲೇ ಎಂಬಂತೆ. ಹೇಳಿದ.
ಷೆಡ್ಡು ಗಪ್‌ಚಿಪ್.
ಆಗ ಬಿಸಿನೀರ ತೊಟ್ಟಿಯ ಬಳಿಯಿಂದ
ಮೂವತ್ತು ವರ್ಷ ಎಳೆ ಹುಡುಕಿದ ಹೋಸಿಯತ್ ಖೋಲಾ
"ಏನಂತೆ? ಏನಂತೆ? ಜೋರಾಗಿ ಹೇಳ್ರೋ!" ಎಂದು ಕೂಗಿದಳು.

ಮೊದಲು ನಕ್ಕದ್ದು ಅಪ್ಪ.
ಆಕೆ ಬಂದು ಯಂತ್ರದ ಪಕ್ಕೆಗೆ ಅಂಗೈ ಒತ್ತಿ
ಅವನ ಮಣಿಕಟ್ಟು ಹಿಡಿದು ಇಲ್ಲಿ, ಇಲ್ಲಿ ಎಂದು ತೋರಿಸಿದಳು.
ಬೆಂದು ಬೆಳ್ಳಗಾದ ಬೆರಳು, ಎಣ್ಣೆ ಕುಡಿದು ಕಪ್ಪಾದ ಬೆರಳು.
ರಾತ್ರಿ ಎರಡಕ್ಕೆ ಬೇರಿಂಗು ಹೊರಬಂತು,
ಉಗುರಿನಷ್ಟು ಗಾಯ.

ನಾವು ಹೊರಡುವ ಮುನ್ನಾದಿನ ಹನ್ನೊಂದನೆಯ ಪೆಟ್ಟಿಗೆ ಬಂತು.
ಬಿಡಿಭಾಗಗಳ ತಳದಲ್ಲಿ, ಪಟ್ಟಿಯಲ್ಲಿಲ್ಲದ ಮೂವತ್ತು ಜೊತೆ ಕಿವಿಮುಚ್ಚಿ.
ಮೇಲಿನ ಚೀಟಿಯಲ್ಲಿ ಅಪ್ಪನ ಕೈಬರಹ:
ಮೊದಲ ದಿನದಿಂದಲೇ.

ಹೋಸಿಯತ್ ಖೋಲಾ ಅದನ್ನು ತಲೆವಸ್ತ್ರದ ಮೇಲೇ ಏರಿಸಿಕೊಂಡು
ತೊಟ್ಟಿಯ ನೀರಲ್ಲಿ ಮುಖ ನೋಡಿಕೊಂಡಳು,
ತಿರುಗಿ ಏನೋ ಅಂದಳು.
ದುಭಾಷಿ ಚಹಾಕ್ಕೆ ಹೋಗಿದ್ದ.
ಅಪ್ಪ ತಲೆಯಾಡಿಸಿದ,
ಎಲ್ಲ ಕೇಳಿಸಿದವನ ಹಾಗೆ.